‘ಗುಣವಾಗದವರು ಸದ್ದು ಮಾಡೋದಿಲ್ಲ’
(ಒಂದು ಹೆಡ್‌ಫೋನಿನ ಜೊತೆ ಕಾಲ್ಪನಿಕ ಸಂದರ್ಶನ)

ಹೊಸದುರ್ಗದಲ್ಲಿ ಬರ ಬರುವುದು ಮಳೆಗೆ, ಸದ್ದಿಗಲ್ಲ. ಬೆಳಗಾದರೆ ರಾಗಿ ಮಿಲ್ಲು, ಮಧ್ಯಾಹ್ನಕ್ಕೆ ಅಡಿಕೆ ಸುಲಿಯುವ ಯಂತ್ರ, ಸಂಜೆ ಖಾಸಗಿ ಬಸ್ಸುಗಳ ಹಾರ್ನು, ರಾತ್ರಿ ಯಾರದೋ ತೋಟದಲ್ಲಿ ಬೋರ್‌ವೆಲ್ ಲಾರಿ. ಹೆಚ್ಚಿನವರಿಗೆ ಇದೆಲ್ಲ ಒಗ್ಗಿಹೋಗಿದೆ, ಕೆಲವರಿಗೆ ಒಗ್ಗುವುದೇ ಇಲ್ಲ. ಸ್ಟೀಲ್ ತಟ್ಟೆ ಬಿದ್ದರೆ ಕಿವಿಗೆ ಚುಚ್ಚಿದಂತೆ ನೋವಾಗುವವರಿದ್ದಾರೆ. ವೈದ್ಯರು ಅದಕ್ಕೆ ಹೈಪರ್‌ಅಕ್ಯೂಸಿಸ್ ಎನ್ನುತ್ತಾರೆ. ಪಕ್ಕದವರು ಅಡಿಕೆ ಅಗಿಯುವ ಸಣ್ಣ ಸದ್ದಿಗೇ ಮೈ ಉರಿದು ಎದ್ದು ಓಡಬೇಕೆನಿಸುವವರಿದ್ದಾರೆ, ಅದು ಮಿಸೊಫೋನಿಯಾ. ಎರಡೂ ನಾಟಕವಲ್ಲ, ಹಟವೂ ಅಲ್ಲ. ಊರವರು ಮಾತ್ರ ಇಬ್ಬರನ್ನೂ ‘ಭಾರೀ ನಾಜೂಕು’ ಎಂದು ಆಡಿಕೊಳ್ಳುತ್ತಾರೆ.

ತಾಲ್ಲೂಕಿನ ತೆಂಗು ಬೆಳೆಗಾರರೊಬ್ಬರ ಮನೆಯಲ್ಲಿ, ಶೋಕೇಸಿನ ಮೇಲಿನ ಅರೆಯಲ್ಲಿ, ವೆಲ್ವೆಟ್ ಪೆಟ್ಟಿಗೆಯೊಳಗೆ ವಾಸವಾಗಿರುವ ‘ಶ್ರವಣ ಸಮನ್ವಯ’ ಹೆಡ್‌ಫೋನನ್ನು ಭೇಟಿಯಾದೆವು. ಮೊಮ್ಮಗ ಕುಕ್ಕರ್ ಸೀಟಿಗೆ ಕಿವಿ ಮುಚ್ಚಿಕೊಂಡು ಅಳುತ್ತಾನೆಂದು ಬೆಂಗಳೂರಿನಿಂದ ತರಿಸಿದ್ದು. ಬೆಲೆ 1 ಲಕ್ಷ 60 ಸಾವಿರ ರೂಪಾಯಿ. ಮಾತಿಗೆ ಮುಂಚೆಯೇ ಅದು ಕನ್ಸಲ್ಟೇಷನ್ ಫೀಸು ಕೇಳಿತು. ಪತ್ರಿಕೆಯವರು ಎಂದಾಗ ಜಿಎಸ್‌ಟಿ ಮಾತ್ರ ಬಿಟ್ಟುಕೊಟ್ಟಿತು.

ಪ್ರಶ್ನೆ: ನಮಸ್ಕಾರ. ತಮ್ಮ ಪರಿಚಯ?

ಹೆಡ್‌ಫೋನ್: ಮೆತ್ತಗೆ ಮಾತಾಡಿ ಸಾರ್, ನಾನು ಪ್ರೀಮಿಯಂ ಮಾಡೆಲ್. ನಮ್ಮದು ಫ್ರಾನ್ಸ್ ಮೂಲದ ಮನೆತನ. ಆಲ್ಫ್ರೆಡ್ ತೊಮಾತಿಸ್, ಗಿ ಬೆರಾರ್ ಅಂತ ಇಬ್ಬರು ವೈದ್ಯರು ನಮ್ಮ ಹಿರಿಯರು. ಬೆರಾರ್ ಲೆಕ್ಕ ಸರಳ. ಯಾವ ಸ್ವರ ಕಿವಿಗೆ ಅತಿಯಾಗಿ ನಾಟುತ್ತೋ ಅದನ್ನ ಸಂಗೀತದಿಂದ ಸೋಸಿ ತೆಗೀಬೇಕು, ಉಳಿದಿದ್ದನ್ನ ಏರಿಸಿ ಇಳಿಸಿ ಕೇಳಿಸಬೇಕು. ದಿನಕ್ಕೆ ಎರಡು ಸಲ, ಸಲಕ್ಕೆ ಅರ್ಧ ಗಂಟೆ, ಹತ್ತು ದಿನ. ಕಿವಿ ರೀಸೆಟ್!

ಪ್ರಶ್ನೆ: ಒಟ್ಟು ಹತ್ತು ಗಂಟೆ. ಅಂದರೆ ಗಂಟೆಗೆ 16 ಸಾವಿರ ಬಿತ್ತು.

ಹೆಡ್‌ಫೋನ್: ಹಿಂಗೆ ಭಾಗಾಕಾರ ಮಾಡೋರಿಗೆ ನಾವು ಮಾರೋದೇ ಇಲ್ಲ. ಅದಕ್ಕೇ ಅದನ್ನ ಪ್ಯಾಕೇಜ್ ಅನ್ನೋದು.

ಪ್ರಶ್ನೆ: ಫಲ ಸಿಗುತ್ತದೆ ಎನ್ನಲು ಆಧಾರ?

ಹೆಡ್‌ಫೋನ್: 1991ರಲ್ಲಿ ಅಮೆರಿಕದ ಒಬ್ಬ ತಾಯಿ, ನಮ್ಮ ಪದ್ಧತಿಯಿಂದ ಆಟಿಸಂ ಇದ್ದ ಮಗಳು ಗುಣವಾದಳು ಅಂತ ಇಡೀ ಪುಸ್ತಕ ಬರೆದ್ರು. ಇನ್ನೇನ್ ಬೇಕು?

ಪ್ರಶ್ನೆ: ಒಬ್ಬಳೇ ಹುಡುಗಿ.

ಹೆಡ್‌ಫೋನ್: ಒಬ್ಬಳ ಕಥೆ ಕೇಳಿದ್ರೆ ಕಣ್ಣೀರು ಬರುತ್ತೆ ಸಾರ್. ನೂರು ಜನರ ಕೋಷ್ಟಕ ಓದಿ ಅತ್ತವರನ್ನ ನೋಡಿದೀರಾ?

ಪ್ರಶ್ನೆ: ಕೋಷ್ಟಕಗಳನ್ನೂ ಓದಿಕೊಂಡು ಬಂದಿದ್ದೇವೆ. 1996ರಲ್ಲಿ ಆಸ್ಟ್ರೇಲಿಯಾದಲ್ಲಿ ಸ್ಯೂ ಬೆಟಿಸನ್ ಎಂಬುವರು ಆಟಿಸಂ ಇರುವ 80 ಮಕ್ಕಳನ್ನು ಎರಡು ಗುಂಪು ಮಾಡಿದರು. ಒಂದಕ್ಕೆ ನಿಮ್ಮ ಸೋಸಿದ ಸಂಗೀತ, ಇನ್ನೊಂದಕ್ಕೆ ಅದೇ ಸಂಗೀತ, ಸೋಸದೆ.

ಹೆಡ್‌ಫೋನ್: ಗೊತ್ತು ಗೊತ್ತು. ಮಕ್ಕಳು ಸುಧಾರಿಸಿದ್ರು. ಬರ್ಕೊಳ್ಳಿ, ಸುಧಾರಿಸಿದ್ರು!

ಪ್ರಶ್ನೆ: ಎರಡೂ ಗುಂಪಿನವರು. ಹಾಗಾದರೆ ನೀವು ಸೋಸಿದ್ದು ಏನನ್ನು?

ಹೆಡ್‌ಫೋನ್: (ತನ್ನ ವೈರನ್ನು ತಾನೇ ಸುತ್ತಿಕೊಳ್ಳುತ್ತ) ಅಪ್ಪ ಅಮ್ಮಂದಿರ ಜೇಬನ್ನ. ಇದನ್ನ ಬರ್ಕೋಬೇಡಿ.

ಪ್ರಶ್ನೆ: 2000ದಲ್ಲಿ ಬ್ರಿಟನ್ನಿನಲ್ಲಿ ಇನ್ನೊಂದು ಪರೀಕ್ಷೆ ಆಯಿತಲ್ಲ?

ಹೆಡ್‌ಫೋನ್: ಅದನ್ನ ಯಾಕೆ ಕೆದಕ್ತೀರಿ? 16 ಮಕ್ಕಳು. ನನಗೆ ಎದುರಾಳಿಯಾಗಿ ನಿಲ್ಲಿಸಿದ್ದು ಸದ್ದೇ ಬರದ ಹೆಡ್‌ಫೋನನ್ನ. ಸಂಗೀತ ಕೋಣೆಯಲ್ಲಿ ಸುಮ್ಮನೆ ಹಾಡ್ತಿತ್ತು. ಮಕ್ಕಳು ಕಿವಿ ಮುಚ್ಚಿಕೊಳ್ಳೋದರ ಲೆಕ್ಕದಲ್ಲಿ ಗೆದ್ದಿದ್ದು ಅದು! ಕುಸ್ತಿ ಅಖಾಡದಲ್ಲಿ ಹೆಣದ ಕೈಲಿ ಸೋತ ಪೈಲ್ವಾನ ನಾನು. ನಮ್ಮ ಮನೆತನದಲ್ಲಿ ಆ ವರ್ಷದ ಹೆಸರು ಎತ್ತಲ್ಲ.

ಪ್ರಶ್ನೆ: 2011ರಲ್ಲಿ ಕೊಕ್ರೇನ್ ಸಂಸ್ಥೆಯ ಪರಾಮರ್ಶೆ ಇಂಥ ಏಳು ಪರೀಕ್ಷೆಗಳನ್ನು ಒಟ್ಟಿಗೆ ತೂಗಿ ನೋಡಿತು. ಒಟ್ಟು 182 ಜನ. ಆಟಿಸಂಗೆ ಶಬ್ದ ಚಿಕಿತ್ಸೆ ಪರಿಣಾಮಕಾರಿ ಎನ್ನಲು ಪುರಾವೆಯಿಲ್ಲ ಎಂದಿತು. ಅಮೆರಿಕದ ವಾಕ್ ಶ್ರವಣ ತಜ್ಞರ ಸಂಘ 2004ರಲ್ಲೇ, ನಿಮ್ಮ ಪದ್ಧತಿಯನ್ನು ತಮ್ಮವರು ಬಳಸುವಷ್ಟು ವೈಜ್ಞಾನಿಕ ಆಧಾರವಿಲ್ಲ ಎಂದಿತ್ತು.

ಹೆಡ್‌ಫೋನ್: ಅವೆಲ್ಲ ಇಂಗ್ಲಿಷಿನಲ್ಲಿವೆ. ನನ್ನ ಬ್ರೋಷರು ಕನ್ನಡದಲ್ಲಿದೆ. ಹೊಸದುರ್ಗದ ಗಿರಾಕಿ ಯಾವುದನ್ನ ಓದ್ತಾನೆ ಹೇಳಿ.

ಪ್ರಶ್ನೆ: ಇಷ್ಟಾದರೂ ಜನ ‘ನಮ್ಮ ಹುಡುಗನಿಗೆ ವಾಸಿ’ ಎನ್ನುತ್ತಾರಲ್ಲ. ಗುಟ್ಟೇನು?

ಹೆಡ್‌ಫೋನ್: ನೀವೂ ಈ ವ್ಯಾಪಾರಕ್ಕೆ ಇಳಿಯಲ್ಲ ಅಂತ ಮಾತು ಕೊಟ್ರೆ ಹೇಳ್ತೀನಿ. ಈ ತೊಂದರೆ ಒಂದೇ ಸಮ ಇರಲ್ಲ, ಏರುತ್ತೆ, ಇಳಿಯುತ್ತೆ. ಏರಿದ ತುದಿಯಲ್ಲಿ ಜನ ನನ್ನ ಹತ್ರ ಓಡಿ ಬರ್ತಾರೆ. ತುದಿಯಿಂದ ಮುಂದಕ್ಕೆ ಇಳಿಜಾರೇ ತಾನೆ? ಇಳಿದಿದ್ದಕ್ಕೆ ಬಿಲ್ಲು ನನ್ನ ಹೆಸರಲ್ಲಿ. ಇನ್ನು ಬೆಲೆ. ಐನೂರು ರೂಪಾಯಿ ಕೊಟ್ಟವನು ‘ಏನೂ ಆಗಲಿಲ್ಲ ಕಣಯ್ಯ’ ಅಂತ ಬೀದಿಯಲ್ಲಿ ಬೈತಾನೆ. ಲಕ್ಷ ಕೊಟ್ಟವನು ಬೀಗರ ಮುಂದೆ ಹಾಗನ್ನೋಕಾಗುತ್ತಾ? ‘ಪರವಾಗಿಲ್ಲ, ಸ್ವಲ್ಪ ಸ್ವಲ್ಪ’ ಅಂತಾನೆ. ಆ ‘ಸ್ವಲ್ಪ ಸ್ವಲ್ಪ’ನೇ ಮುಂದಿನ ಗಿರಾಕಿಗೆ ನನ್ನ ಸರ್ಟಿಫಿಕೇಟು. ಎಲ್ಲಕ್ಕಿಂತ ದೊಡ್ಡದು ಇನ್ನೊಂದು: ಗುಣವಾದವರು ಹತ್ತು ಗ್ರೂಪಿಗೆ ಮೆಸೇಜ್ ಹಾಕ್ತಾರೆ, ಗುಣವಾಗದವರು ಸದ್ದು ಮಾಡೋದಿಲ್ಲ.

(ಅಷ್ಟರಲ್ಲಿ ಅಡುಗೆಮನೆಯಿಂದ ಮನೆಯ ಅಜ್ಜಿ ಇಣುಕಿದರು.)

ಅಜ್ಜಿ: ಅದ್ರ ಜೊತೆ ಏನ್ ಮಾತಾಡ್ತೀಯಪ್ಪ? ನಮ್ಮ ಯಜಮಾನ್ರು ಅಟ್ಟದ ಮ್ಯಾಲಿನ ಕಾಯಿನ ಕಿವಿ ತಾವ ಹಿಡ್ಕಂಡು ಅಲ್ಲಾಡ್ಸಿ, ಒಳಗೆ ಕೊಬ್ರಿ ಗಲಗಲ ಅಂದ್ರೇನೇ ಒಡೆಯೋದು. ಒಂದ್ ಕಾಯಿಗೆ ಅಷ್ಟು ಹುಷಾರಿ. ಇದನ್ನ ಮಾತ್ರ ಅಲ್ಲಾಡ್ಸಿ ನೋಡ್ದೇನೆ ತಂದು ಇಟ್ಕಂಡ್ರು.

ಹೆಡ್‌ಫೋನ್: ಅಜ್ಜಿಗೆ ಡೆಮೊ ಕೊಟ್ಟಿಲ್ಲ, ಅದಕ್ಕೇ ಹಿಂಗೆ.

ಪ್ರಶ್ನೆ: ಕಾನೂನಿನ ಭಯವಿಲ್ಲವೇ? ಪವಾಡ ಚಿಕಿತ್ಸೆಗಳ ಜಾಹೀರಾತು ತಡೆಯಲು 1954ರ ಕಾಯ್ದೆಯೇ ಇದೆ.

ಹೆಡ್‌ಫೋನ್: ಅದನ್ನ ಬಾಯಿಪಾಠ ಮಾಡಿದೀನಿ. ಗುಣಪಡಿಸ್ತೀವಿ ಅಂತ ಜಾಹೀರಾತು ಕೊಡಬಾರದ ಕಾಯಿಲೆಗಳ ಪಟ್ಟಿ ಅದರಲ್ಲಿದೆ. ಕಿವುಡು ಅದರಲ್ಲಿದೆ. ಸದ್ದು ತಡೆಯಲಾಗದ್ದು ಇಲ್ಲ. ಆ ಕಾಲಕ್ಕೆ ಕೇಳಿಸದೇ ಇರೋದು ಕಾಯಿಲೆ, ಜಾಸ್ತಿ ಕೇಳಿಸೋದು ಕೊಬ್ಬು. ಮಿಸೊಫೋನಿಯಾಗೆ ಹೆಸರಿಟ್ಟಿದ್ದೇ 2001ರಲ್ಲಿ, ತಜ್ಞರೆಲ್ಲ ಕೂತು ವ್ಯಾಖ್ಯೆಗೆ ಒಪ್ಪಿ ಪ್ರಕಟಿಸಿದ್ದು 2022ರಲ್ಲಿ. ಆ ಸಂದಿಯಲ್ಲಿ ನನ್ನ ಅಂಗಡಿ. ಆದರೂ ಹುಷಾರಾಗಿರ್ತೀವಿ. ‘ಗುಣ’ ಅನ್ನಲ್ಲ, ‘ಸಮನ್ವಯ’ ಅಂತೀವಿ. ‘ರೋಗಿ’ ಅನ್ನಲ್ಲ, ‘ಕ್ಲೈಂಟ್’.

ಪ್ರಶ್ನೆ: ದಾರಿತಪ್ಪಿಸುವ ಜಾಹೀರಾತಿಗೆ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ 10 ಲಕ್ಷದವರೆಗೆ ದಂಡವಿದೆ.

ಹೆಡ್‌ಫೋನ್: ಯಾರಾದ್ರೂ ದೂರು ಕೊಡಬೇಕಲ್ಲ ಸಾರ್. ನನ್ನ ಗಿರಾಕಿಗಳಿಗೆ ಗದ್ದಲ ಆಗಿಬರಲ್ಲ.

ಪ್ರಶ್ನೆ: ನಿಮ್ಮ ಬಂಧುಬಳಗ ದೊಡ್ಡದೇ?

ಹೆಡ್‌ಫೋನ್: ಹಬ್ಬಿಬಿಟ್ಟಿದೆ. ಫ್ಲೋರಿಡಾದಲ್ಲಿ ಒಳಗಿವಿಯ ಕಿಂಡಿಗಳಿಗೆ ತೇಪೆ ಹಾಕೋ ಶಸ್ತ್ರಚಿಕಿತ್ಸೆ ಇದೆ. ಕೆಲವೇ ರೋಗಿಗಳ ಅನುಭವದ ಮೇಲೆ ನಿಂತಿದೆ. ಸ್ಟೆಮ್ ಸೆಲ್ ಅನ್ನೋ ಶ್ರೀಮಂತ ದಾಯಾದಿ ಇದಾನೆ. ಕೆಲವು ರಕ್ತದ ಕಾಯಿಲೆಗಳಂಥವು ಬಿಟ್ರೆ ಉಳಿದಿದ್ದಕ್ಕೆ ಅವನನ್ನ ಪ್ರಯೋಗವಾಗಿ ಮಾತ್ರ ಬಳಸಬೇಕು, ಚಿಕಿತ್ಸೆ ಅಂತ ಮಾರಬಾರದು ಅಂತ ಐಸಿಎಂಆರ್‌ನ 2017ರ ಮಾರ್ಗಸೂಚಿ. ಇನ್ನು ಮೆಡಿಕಲ್ ಸ್ಟೋರಲ್ಲಿ ಸಿಗೋ ಇಯರ್‌ಪ್ಲಗ್ಗು. ಪುಟ್ಟ ಹುಡುಗ, ಆದ್ರೆ ನನ್ನ ಅತ್ಯುತ್ತಮ ಏಜೆಂಟು.

ಪ್ರಶ್ನೆ: ಅದು ಹೇಗೆ?

ಹೆಡ್‌ಫೋನ್: ಬೋರ್‌ವೆಲ್ ಲಾರಿ, ಡಿಜೆ ಹತ್ರ ಅವನು ಬೇಕೇ ಬೇಕು, ಕಿವಿ ಉಳಿಸ್ತಾನೆ. ಆದ್ರೆ ಮನೆಯೊಳಗೂ ಹಗಲೂ ರಾತ್ರಿ ಹಾಕ್ಕೊಂಡ್ರೆ? 2003ರಲ್ಲಿ ಅಮೆರಿಕದಲ್ಲಿ ಫಾರ್ಮ್ಬಿ ಮತ್ತು ಸಂಗಡಿಗರು ಎರಡು ವಾರ ಕೆಲವರ ಕಿವಿಗೆ ಪ್ಲಗ್ ಹಾಕಿಸಿದ್ರು, ಕೆಲವರಿಗೆ ಮೆಲ್ಲನೆ ಗುಂಯ್ ಅನ್ನೋ ಸಾಧನ ಹಾಕಿಸಿದ್ರು. ಪ್ಲಗ್ ತೆಗೆದವರಿಗೆ ಹಳೇ ಸದ್ದೇ ಜೋರಾಗಿ ಕೇಳಿಸ್ತು. ಗುಂಯ್ ಕೇಳಿಸಿಕೊಂಡವರಿಗೆ ಸಹನೆ ಹೆಚ್ಚಿತು. ಮೌನಕ್ಕೆ ಬಿದ್ದ ಕಿವಿ ತಾನೇ ದನಿ ಏರಿಸಿಕೊಳ್ಳುತ್ತೆ. ಹಾಗೆ ಏರಿಸಿಕೊಂಡವರನ್ನ ಅವನು ನನ್ನ ಹತ್ರ ಕಳಿಸ್ತಾನೆ.

ಪ್ರಶ್ನೆ: ಮುಂದಿನ ಯೋಜನೆ?

ಹೆಡ್‌ಫೋನ್: ಗುಡ್ಡದ ಮೇಲಿನ ಗಾಳಿಯಂತ್ರಗಳು! ಚಿತ್ರದುರ್ಗ ಜಿಲ್ಲೆಯಲ್ಲಿ ಎತ್ತ ನೋಡಿದ್ರೂ ತಿರುಗ್ತಿವೆ. ಕಿವಿಗೆ ನಿಲುಕದ ಅವುಗಳ ಸದ್ದಿಗೂ ಪ್ಯಾಕೇಜ್ ತರ್ತಿದೀವಿ.

ಪ್ರಶ್ನೆ: ನ್ಯೂಜಿಲೆಂಡಿನಲ್ಲಿ 54 ಜನರ ಮೇಲೆ ನಡೆದ ಪ್ರಯೋಗ 2014ರಲ್ಲಿ ಪ್ರಕಟವಾಗಿದೆ. ‘ಈ ಸದ್ದಿನಿಂದ ತೊಂದರೆಯಾಗುತ್ತದೆ’ ಎಂಬ ಮಾತು ಕೇಳಿ ಕೂತವರಿಗೆ, ಸದ್ದು ಹಾಕದೆ ಸುಮ್ಮನೆ ಕೂರಿಸಿದಾಗಲೂ ಮೈಯಲ್ಲಿ ಲಕ್ಷಣಗಳು ಕಾಣಿಸಿಕೊಂಡವು.

ಹೆಡ್‌ಫೋನ್: ಅದೇ ನನ್ನ ಬಂಡವಾಳ. ಮೊದಲು ಭಯ ಉಚಿತ, ಆಮೇಲೆ ಧೈರ್ಯಕ್ಕೆ ಇಎಂಐ.

ಪ್ರಶ್ನೆ: ಸಾಣೇಹಳ್ಳಿ ರಂಗತಂಡದ ನಾಟಕ ನೋಡಿ ಬೆಳೆದ ತಾಲ್ಲೂಕಿದು. ವೇಷ ಯಾವುದು, ಮುಖ ಯಾವುದು ಎಂದು ಜನ ಗುರುತು ಹಿಡಿಯುತ್ತಾರೆ.

ಹೆಡ್‌ಫೋನ್: ನಾಟಕ ನೋಡುವಾಗ ಹಿಡೀತಾರೆ ಸಾರ್. ಮಗು ಅಳುವಾಗ ಯಾರಿಗೆ ಗುರುತು ಹಿಡಿಯೋ ವ್ಯವಧಾನ ಇರುತ್ತೆ? ನನ್ನ ಅಂಗಡಿಯ ಬಾಗಿಲು ತೆರೆಯೋದೇ ಆ ಹೊತ್ತಿಗೆ.

ಪ್ರಶ್ನೆ: ಈ ಮಾತು ಮಾತ್ರ ನಿಜ. ನೋವು ಸುಳ್ಳಲ್ಲವಾದ್ದರಿಂದಲೇ ನಿಮಗೆ ವ್ಯಾಪಾರ. ಹಾಗಾದರೆ ಅವರಿಗೆ ನಿಜಕ್ಕೂ ನೆರವಾಗುವುದು ಯಾವುದು?

ಹೆಡ್‌ಫೋನ್: ಪ್ರತಿಸ್ಪರ್ಧಿಗಳಿಗೆ ಪುಕ್ಕಟೆ ಪ್ರಚಾರ ಕೊಡಲ್ಲ.

ಪ್ರಶ್ನೆ: ನಾವೇ ಹೇಳುತ್ತೇವೆ. ಮಿಸೊಫೋನಿಯಾ ಇರುವ 54 ಜನರ ಮೇಲೆ ಆಮ್‌ಸ್ಟರ್‌ಡಾಮಿನಲ್ಲಿ ಸಿಬಿಟಿ ಎಂಬ ಮನೋಚಿಕಿತ್ಸೆಯ ಪರೀಕ್ಷೆಯಾಯಿತು. ಸದ್ದಿನ ಬಗೆಗಿನ ಯೋಚನೆ, ಗಮನ, ನಡವಳಿಕೆಗಳನ್ನು ಹಂತ ಹಂತವಾಗಿ ಪಳಗಿಸುವ ಕ್ರಮ ಅದು. ಚಿಕಿತ್ಸೆ ಪಡೆದವರಲ್ಲಿ ಶೇ. 37ರಷ್ಟು ಮಂದಿ ಸ್ಪಷ್ಟವಾಗಿ ಸುಧಾರಿಸಿದರು. ಸರದಿಯಲ್ಲಿ ಕಾದಿದ್ದವರಲ್ಲಿ ಒಬ್ಬರೂ ಇಲ್ಲ.

ಹೆಡ್‌ಫೋನ್: ಬರೀ 37? ಅಯ್ಯೋ ಪಾಪ, ವ್ಯಾಪಾರ ಗೊತ್ತಿಲ್ಲದವರು. ನನ್ನ ಬ್ರೋಷರಲ್ಲಿ ಶೇ. 95 ಅಂತಿದೆ.

ಪ್ರಶ್ನೆ: ಯಾವುದರ ಶೇ. 95?

ಹೆಡ್‌ಫೋನ್: (ದೀರ್ಘ ಮೌನ) ಈ ಪ್ರಶ್ನೆ ಇಲ್ಲೀವರೆಗೆ ಯಾರೂ ಕೇಳಿರಲಿಲ್ಲ.

ಪ್ರಶ್ನೆ: ಕೊಳ್ಳಲು ಬಂದವರು ಇನ್ನೇನು ಕೇಳಿದರೆ ನಿಮಗೆ ಬೆವರುತ್ತದೆ?

ಹೆಡ್‌ಫೋನ್: ‘ಯಾವುದಕ್ಕೆ ಹೋಲಿಸಿ ಗುಣ?’ ಅಂದ್ರೆ ಅರ್ಧ ಜೀವ ಹೋಗುತ್ತೆ. ‘ತೊಂದರೆ ಹೆಚ್ಚಾದ್ರೆ ಯಾರು ಹೊಣೆ? ನಡುವೆ ನಿಲ್ಲಿಸಿದ್ರೆ ದುಡ್ಡು ವಾಪಸಾ?’ ಅಂದ್ರೆ ಮುಕ್ಕಾಲು. ‘ನಿಮ್ಮ ಆಡಿಯಾಲಜಿಸ್ಟ್‌ಗೆ ಭಾರತೀಯ ಪುನರ್ವಸತಿ ಪರಿಷತ್ತಿನ ನೋಂದಣಿ ಇದೆಯಾ? ನಿಮ್ಮ ಕೇಂದ್ರಕ್ಕೆ ಕರ್ನಾಟಕದ 2007ರ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆಯಡಿ ನೋಂದಣಿ ಆಗಿದೆಯಾ?’ ಅಂದ್ರೆ ನನ್ನ ಸೇಲ್ಸ್ ಹುಡುಗ ಫೋನ್ ಬಂದಂಗೆ ಮಾಡಿ ಹೊರಗೆ ಹೋಗ್ತಾನೆ.

ಪ್ರಶ್ನೆ: ಮೊದಲು ಚಿತ್ರದುರ್ಗದ ಜಿಲ್ಲಾ ಆಸ್ಪತ್ರೆಯ ಕಿವಿ, ಮೂಗು, ಗಂಟಲು ವಿಭಾಗಕ್ಕೆ ಹೋಗಿ ತೋರಿಸಿದ್ದರೆ? ಮೈಗ್ರೇನ್, ತಲೆಗೆ ಬಿದ್ದ ಪೆಟ್ಟು, ಮುಖದ ನರದ ಪಾರ್ಶ್ವವಾಯು ಇದ್ದರೂ ಸದ್ದು ತಡೆಯಲಾಗದಂತೆ ಆಗುತ್ತದೆ. ಅಲ್ಲಿಂದ ಮುಂದಕ್ಕೆ ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇದೆ. ಮನೋಚಿಕಿತ್ಸೆ ಬೇಕಾದರೆ ನಿಮ್ಹಾನ್ಸ್ ಇದೆ.

ಹೆಡ್‌ಫೋನ್: ಮೈಸೂರಿನವರು 1965ರಿಂದ ನಮ್ಮಂಥವರಿಗೆ ಶನಿ. ಅವರು ಮೊದಲು ಪರೀಕ್ಷೆ ಮಾಡ್ತಾರೆ, ಆಮೇಲೆ ಮಾತಾಡ್ತಾರೆ. ನಮ್ಮದು ಮೊದಲು ಅಡ್ವಾನ್ಸ್, ಆಮೇಲೂ ಅಡ್ವಾನ್ಸ್.

ಪ್ರಶ್ನೆ: ಈ ಮನೆಯ ಹುಡುಗ ಈಗ ಹೇಗಿದ್ದಾನೆ?

ಅಜ್ಜಿ: ಅದುನ್ನೇನ್ ಕೇಳ್ತೀಯ, ನಾನ್ ಹೇಳ್ತೀನಿ. ಆಮೇಲೆ ಸರ್ಕಾರಿ ಆಸ್ಪತ್ರೆಗೆ ತೋರುಸ್ದಾಗ ಅಲ್ಲಿನ ಡಾಕ್ಟ್ರಮ್ಮ ಹೇಳ್ ಕಳ್ಸಿದ್ರು: ಸದ್ದು ಬರೋಕ್ ಮುಂಚೆ ಮಗೀಗೆ ತಿಳ್ಸಿ, ದೂರದಿಂದ ಸುರು ಮಾಡಿ, ಆಫ್ ಮಾಡೋದು ಅವನ ಕೈಗೇ ಕೊಡಿ ಅಂತ. ಮೊದ್ಲು ಹಿತ್ಲಲ್ಲಿ ನಿಂತ್ಕಂತಿದ್ದ. ಈಗ ಬಾಗ್ಲ ತಾವ ನಿಂತು ಸೀಟಿ ಎಣಿಸ್ತಾನೆ, ಮೂರಾದ್ರೆ ತಾನೇ ಬಂದು ಗ್ಯಾಸ್ ಆರುಸ್ತಾನೆ. ಮಿಕ್ಸಿ ಹಾಕುದ್ರೆ ಇವತ್ತಿಗೂ ಓಡೋಗ್ತಾನೆ, ಸುಳ್ಯಾಕ್ ಹೇಳ್ಲಿ.

ಹೆಡ್‌ಫೋನ್: ನೋಡಿದ್ರಾ ನನ್ನ ಫಲ! ಕಂಪನಿಯವರು ಆಗಲೇ ಹುಡುಗನ ಕಥೆ ಹಾಕ್ಕೊಂಡಿದಾರೆ, ಐದು ಸ್ಟಾರ್ ಸಮೇತ.

ಪ್ರಶ್ನೆ: ನೀವು ಪೆಟ್ಟಿಗೆಯಿಂದ ಹೊರಗೆ ಬಂದು ತಿಂಗಳುಗಳಾದವಂತೆ.

ಹೆಡ್‌ಫೋನ್: ಪೆಟ್ಟಿಗೆಯೊಳಗಿಂದಲೇ ಕೆಲಸ ಮಾಡ್ತೀನಿ. ಹೊಸ ಬ್ರೋಷರಲ್ಲಿ ಅದನ್ನೂ ಸೇರಿಸ್ತೀವಿ.

ಪ್ರಶ್ನೆ: ಕೊನೆಯದಾಗಿ ಓದುಗರಿಗೆ ಏನಾದರೂ?

ಹೆಡ್‌ಫೋನ್: ಕೆಳಗೆ ನನ್ನ ವಾಟ್ಸಾಪ್ ನಂಬರು ಹಾಕಿ. ಮೊದಲು ಬಂದ ಐದು ಜನಕ್ಕೆ ರಿಯಾಯಿತಿ.

ಪ್ರಶ್ನೆ: ನಂಬರು ಹಾಕುವುದಿಲ್ಲ. ಜಿಲ್ಲಾ ಆಸ್ಪತ್ರೆ, ಮೈಸೂರಿನ ಸಂಸ್ಥೆ, ಇವುಗಳ ಹೆಸರು ಹಾಕುತ್ತೇವೆ.

ಹೆಡ್‌ಫೋನ್: ಅವರು ನಿಮಗೆ ಎಷ್ಟು ಕಮಿಷನ್ ಕೊಡ್ತಾರೆ?

ಪ್ರಶ್ನೆ: ಒಂದು ಪೈಸೆಯೂ ಇಲ್ಲ.

ಹೆಡ್‌ಫೋನ್: ಮತ್ತೆ ಅಂಥವರ ಚಿಕಿತ್ಸೆನ ಯಾವ ನಂಬಿಕೆ ಮೇಲೆ ತಗೊಳ್ಳೋದು ಸಾರ್?