ಕರೆಂಟೋ ಪೆಟ್ರೋಲೋ

ಹೊಸ ಕಾರು ರಸ್ತೆಯಲ್ಲಿ ಕೆಟ್ಟು ನಿಂತರೆ ಯಾರೂ ಹತ್ತಿರ ಸುಳಿಯುವುದಿಲ್ಲ. ಬಾನೆಟ್ ಎತ್ತಿದರೆ ಕಾಣುವುದು ಒಂದು ಕಪ್ಪು ಪ್ಲಾಸ್ಟಿಕ್ ಮುಚ್ಚಳ. ಅದನ್ನು ನೋಡಿ ಯಾರು ಏನು ಹೇಳಿಯಾರು? ನಮ್ಮ ದೊಡ್ಡಪ್ಪನ ಪ್ರೀಮಿಯರ್ ಪದ್ಮಿನಿ ಹಾಗಲ್ಲ. ಬಾನೆಟ್ ಎತ್ತಿದರೆ ಪಂಪು, ಪೈಪು, ಕಾರ್ಬೊರೇಟರು ಎಲ್ಲವೂ ಕಣ್ಣೆದುರಿಗೇ ಇರುತ್ತವೆ. ಹಾಗಾಗಿ ದಾರಿಹೋಕರಿಗೆಲ್ಲ ಅದರ ಕಾಯಿಲೆ ಗೊತ್ತು.

ಮಂಡ್ಯದಿಂದ ಬಸರಾಳಿಗೆ ಸುಮಾರು 25 ಕಿಲೋಮೀಟರು. ಒಂದು ಬೇಸಿಗೆಯಲ್ಲಿ ಪದ್ಮಿನಿಗೆ ಹೊಸ ಚಾಳಿ ಶುರುವಾಯಿತು. ಅರ್ಧ ದಾರಿ ಚೆನ್ನಾಗಿಯೇ ಬರುವುದು, ಆಮೇಲೆ ಜರ್ಕ್ ಹೊಡೆಯುವುದು, ನಾಲ್ಕು ಸಲ ಮಿಸ್ಸಾಗಿ ಯಾವುದಾದರೂ ಕಬ್ಬಿನ ಗದ್ದೆ ಬದಿಗೆ ನಿಂತುಬಿಡುವುದು. ಹತ್ತು ನಿಮಿಷ ಬಿಟ್ಟು ಸೆಲ್ಫ್ ಹೊಡೆದರೆ ಏನೂ ನಡೆದೇ ಇಲ್ಲವೇನೋ ಎಂಬಂತೆ ಹೊರಡುವುದು.

ಹಳೇ ಗಾಡಿ ನಿಂತರೆ ಮೆಕ್ಯಾನಿಕ್ ಕೇಳುವ ಮೊದಲ ಮಾತು, "ಕರೆಂಟಾ, ಪೆಟ್ರೋಲಾ?" ಪ್ಲಗ್ಗಿನ ವೈರು ಕಿತ್ತು ಎಂಜಿನ್ ಹತ್ತಿರ ಹಿಡಿದು ಸೆಲ್ಫ್ ಹೊಡೆದಾಗ ಚಟ್ ಚಟ್ ಅಂತ ನೀಲಿ ಕಿಡಿ ಹಾರಿದರೆ ಕರೆಂಟು ನಿರಪರಾಧಿ. ನಮ್ಮದರಲ್ಲಿ ಕಿಡಿ ಹಾರಿತು. ಉಳಿದದ್ದು ಪೆಟ್ರೋಲು, ಡಿಕ್ಕಿಯ ಕಡೆಯ ಟ್ಯಾಂಕಿನಿಂದ ಕಾರ್ಬೊರೇಟರಿನ ಜೆಟ್ಟಿನವರೆಗೆ ಎಲ್ಲಿ ಬೇಕಾದರೂ ತಡೆ ಇರಬಹುದು.

ಗದ್ದೆಗೆ ನೀರು ಕಟ್ಟುತ್ತಿದ್ದ ಹಿರಿಯರೊಬ್ಬರು ಗುದ್ದಲಿ ಸಮೇತ ರಸ್ತೆಗೆ ಬಂದು, "ಏರ್ ಹಿಡ್ದದೆ ಕಣಣ್ಣ, ಫುಟ್‌ವಾಲು ನೋಡು" ಅಂದರು. ಬಾವಿಯ ಪಂಪ್‌ಸೆಟ್ಟಿಗಿರುವಂತೆ ಕಾರಿಗೆಲ್ಲಿಯ ಫುಟ್‌ವಾಲು! ಆದರೆ ಅವರ ಮಾತು ತೆಗೆದುಹಾಕುವಂಥದ್ದಲ್ಲ. ಮೆಕ್ಯಾನಿಕ್ಕುಗಳು ಎಸಿ ಪಂಪು ಎನ್ನುವುದು ಕ್ಯಾಮ್‌ಶಾಫ್ಟಿನ ಏಟಿಗೆ ಒಳಗಿನ ಡಯಾಫ್ರಮ್ ಮೇಲೆ ಕೆಳಗೆ ಆಡಿ ಪೆಟ್ರೋಲು ಎಳೆಯುವ ಪಂಪು. ಬಾವಿಯ ದಡದಲ್ಲಿ ಕೂತ ಪಂಪ್‌ಸೆಟ್ಟಿನ ಹಾಗೆ ಅದೂ ಹೀರಬೇಕು; ಪೈಪಿನಲ್ಲಿ ಸೂಜಿಮೊನೆಯಷ್ಟು ತೂತಿದ್ದರೂ ಗಾಳಿ ನುಂಗುತ್ತದೆ. ಕ್ಲಿಪ್ಪುಗಳನ್ನೆಲ್ಲ ಬಿಗಿ ಮಾಡಿದೆವು. ಗಾಡಿ ಹೊರಟಿತು. ಹಿರಿಯರು ಗೆದ್ದರು.

ಮುಂದಿನ ಸಲ ಸಿಕ್ಕವರು ಹಿಂದೆ ಅಂಬಾಸಿಡರ್ ಓಡಿಸಿದ್ದ ಟ್ಯಾಕ್ಸಿ ಡ್ರೈವರು. ಬಸರಾಳಿನ ಮಲ್ಲಿಕಾರ್ಜುನ ದೇವಸ್ಥಾನ ನೋಡಲು ಬೆಂಗಳೂರಿನವರನ್ನು ಕರೆತರುತ್ತಿದ್ದರು. "1234ರಲ್ಲಿ ಕಟ್ಟಿದ ಗುಡಿ ಸಾರ್, ಇನ್ನರ್ಧ ಗಂಟೆ ಎಲ್ಲೂ ಹೋಗಲ್ಲ" ಅಂತ ತಮ್ಮ ಪ್ರಯಾಣಿಕರನ್ನು ಕೂರಿಸಿ ನಮ್ಮ ಬಾನೆಟ್ಟಿಗೆ ತಲೆ ಹಾಕಿದರು. ಎಂಜಿನ್ ಕಾವಿಗೆ ಪೆಟ್ರೋಲು ಪಂಪಿನಲ್ಲೇ ಆವಿಯಾಗುತ್ತಿದೆ, ಆವಿಯನ್ನು ಪಂಪು ಎಳೆಯಲಾರದು ಎಂಬುದು ಅವರ ತೀರ್ಮಾನ. ಟವೆಲ್ಲು ನೆನೆಸಿ ಪಂಪಿಗೆ ಸುತ್ತಿದರು. ಗಾಡಿ ಹೊರಟಿತು.

ಮೂರನೆಯವನು ಊರಿನ ಮೆಕ್ಯಾನಿಕ್ ಹುಡುಗ. ಕಾರ್ಬೊರೇಟರ್ ಬಿಚ್ಚಿ, ಕಡಲೆಕಾಳಿನಷ್ಟಿರುವ ಹಿತ್ತಾಳೆ ಜೆಟ್ಟನ್ನು ಆಕಾಶಕ್ಕೆ ಹಿಡಿದು ಒಂದು ಕಣ್ಣು ಮುಚ್ಚಿ ನೋಡಿದ. ತೂತಿನಲ್ಲಿ ತುಕ್ಕಿನ ಕಣವಿತ್ತು. ದೊಡ್ಡಪ್ಪ ತಂತಿ ಕೊಡಲು ಹೋದರೆ, "ತಂತಿ ಹಾಕಿದ್ರೆ ತೂತು ದೊಡ್ದಾಯ್ತದೆ, ಆಮೇಲೆ ಪೆಟ್ರೋಲ್ ಕುಡೀತದೆ" ಎಂದು ಪೊರಕೆ ಕಡ್ಡಿ ಕೇಳಿ ತಗೊಂಡು ಬಿಡಿಸಿ ಬಾಯಲ್ಲಿ ಊದಿದ. ಗಾಡಿ ಹೊರಟಿತು. ಮರುವಾರ ಮತ್ತೆ ನಿಂತಿತು.

ಮೂವರ ವೈದ್ಯಕ್ಕೂ ಹಿಡಿಯುತ್ತಿದ್ದದ್ದು ಹತ್ತು ನಿಮಿಷ. ಗಾಡಿ ತಾನಾಗಿ ಸುಧಾರಿಸಿಕೊಳ್ಳುತ್ತಿದ್ದದ್ದೂ ಅಷ್ಟೇ ಹೊತ್ತಿನಲ್ಲಿ. ವಿಚಿತ್ರವೆಂದರೆ ಟ್ಯಾಂಕು ತುಂಬಿಸಿದ ದಿನವೇ ಅದು ಬೇಗ ನಿಲ್ಲುತ್ತಿತ್ತು.

ರೋಗ ಹಿಡಿದವನು ಪೆಟ್ರೋಲ್ ಬಂಕಿನ ಹುಡುಗ. ಒಂದು ದಿನ ಕುಂಟುತ್ತಾ ಬಂಕಿನವರೆಗೆ ಬಂದ ಪದ್ಮಿನಿಯ ಟ್ಯಾಂಕ್ ಮುಚ್ಚಳಕ್ಕೆ ಕೀ ಹಾಕಿ ತಿರುಗಿಸಿದ. ಉಸ್ಸ್‌ಸ್ ಎಂದು ಟ್ಯಾಂಕು ಗಾಳಿ ಎಳೆದುಕೊಂಡಿತು. "ಇದ್ಕೆ ಉಸ್ರಾಡಕ್ಕೆ ಜಾಗಾನೇ ಇಲ್ವಲ್ಲ ದೊಡ್ಡಪ್ಪ!" ಅಂದ. ಯಾರೋ ರಾತ್ರಿ ಟ್ಯೂಬು ಇಟ್ಟು ಪೆಟ್ರೋಲು ಕದ್ದಿದ್ದರಿಂದ ದೊಡ್ಡಪ್ಪ ಬೀಗದ ಮುಚ್ಚಳ ಹಾಕಿಸಿ, ಕೀ ಮನೆಯ ಬೀರುವಿನಲ್ಲಿ ಇಟ್ಟು, ಪೆಟ್ರೋಲು ಹಾಕಿಸುವ ದಿನ ಮಾತ್ರ ತೆಗೆಯುತ್ತಿದ್ದರು. ಆ ಮುಚ್ಚಳಕ್ಕೆ ಗಾಳಿತೂತೇ ಇರಲಿಲ್ಲ. ಪೆಟ್ರೋಲು ಇಳಿದಷ್ಟು ಗಾಳಿ ಒಳಗೆ ಹೋಗದಿದ್ದರೆ ಟ್ಯಾಂಕು ತಾನೇ ಪೆಟ್ರೋಲನ್ನು ಹಿಂದಕ್ಕೆ ಹಿಡಿದುಕೊಳ್ಳುತ್ತದೆ; ಹತ್ತು ನಿಮಿಷ ನಿಂತಾಗ ಸಂದಿಯಲ್ಲಿ ಅಷ್ಟಿಷ್ಟು ಗಾಳಿ ನುಸುಳಿದರೆ ಮತ್ತೆ ಬಿಡುತ್ತದೆ. ತುಂಬಿದ ಟ್ಯಾಂಕಿನಲ್ಲಿ ಖಾಲಿ ಜಾಗ ಕಮ್ಮಿ, ಅದಕ್ಕೇ ಬೇಗ. ಬೀಗವು ಕಳ್ಳರನ್ನೂ ತಡೆದಿತ್ತು, ಎಂಜಿನ್ನನ್ನೂ ತಡೆದಿತ್ತು. ಮುಚ್ಚಳಕ್ಕೆ ಸಣ್ಣದೊಂದು ತೂತು ಕೊರೆಸಿದ ಮೇಲೆ ಪದ್ಮಿನಿ ದಾರಿಯಲ್ಲಿ ನಿಂತಿಲ್ಲ. ಹಿರಿಯರೂ ಟ್ಯಾಕ್ಸಿಯವರೂ ಈಗಲೂ ಅದು ಸರಿಹೋದದ್ದು ತಮ್ಮ ತಮ್ಮ ವೈದ್ಯದಿಂದಲೇ ಎಂದು ನಂಬಿದ್ದಾರೆ.

ಈಗ ದೊಡ್ಡಪ್ಪನಿಗೆ ಬೇರೆಯೇ ಚಿಂತೆ. 2023ರ ಫೆಬ್ರವರಿಯಲ್ಲಿ ಬೆಂಗಳೂರಿನಲ್ಲೇ ಬಿಡುಗಡೆಯಾದ, ನೂರಕ್ಕೆ 20 ಪಾಲು ಎಥೆನಾಲ್ ಬೆರೆತ ಪೆಟ್ರೋಲು. ಎಥೆನಾಲ್ ನೀರು ಹೀರುತ್ತದೆ, ಹಳೇ ರಬ್ಬರಿನ ಪೈಪು, ಡಯಾಫ್ರಮ್ಮುಗಳನ್ನು ಹಾಳುಮಾಡುತ್ತದೆ. ಹೊಸ ಕಾರಿನ ಕಂಪ್ಯೂಟರು ಲೆಕ್ಕ ಸರಿಮಾಡಿಕೊಳ್ಳುತ್ತದೆ, ಕಾರ್ಬೊರೇಟರಿಗೆ ಆ ಲೆಕ್ಕ ಬರುವುದಿಲ್ಲ. ಮಿಶ್ರಣವೇನೋ ಹೊಸದಲ್ಲ, 1948ರಲ್ಲೇ ಪವರ್ ಆಲ್ಕೋಹಾಲ್ ಕಾಯಿದೆ ಬಂದಿತ್ತು. ಪೈಪುಗಳನ್ನೆಲ್ಲ ಬದಲಾಯಿಸಿದ ದೊಡ್ಡಪ್ಪ ಮೊನ್ನೆ ಅದೇ ಬಂಕಿನಲ್ಲಿ ತಗಾದೆ ತೆಗೆದರು.

"ಲೀಟ್ರಿಗೆ 200 ಮಿಲಿ ನಾವು ಬೆಳ್ದ ಕಬ್ಬಿಂದೇ ಕಣ್ಲಾ. ಅದ್ಕೂ ದುಡ್ಡು ಈಸ್ಕತೀಯಾ?"

ಹುಡುಗ ನಾಜಲ್ಲು ಎತ್ತಿ ಹಿಡಿದು ಕೇಳಿದ: "ಹಂಗಾರೆ 800 ಮಿಲಿ ಹಾಕ್ಲಾ, ದೊಡ್ಡಪ್ಪ?"