ವಿನೆಗರ್ ಮಹಾಶಯನ ಪ್ರತಾಪ

ಮಂಗಳೂರಿನ ಕ್ರೈಸ್ತಬಂಧುಗಳ ಮನೆಗಳಲ್ಲಿ ‘ಇಂದಾದ್’ ಎಂಬ ಹಂದಿಮಾಂಸದ ಖಾದ್ಯಕ್ಕೆ ಬಹುಕಾಲದಿಂದ ರುಚಿಯಿತ್ತಿರುವ ವಿನೆಗರ್ ಮಹಾಶಯನು, ಹುಣಿಸೆ ನಿಂಬೆಗಳೆಂಬ ಕುಲೀನರೇ ಆಳುತ್ತಿದ್ದ ನಮ್ಮಂಥವರ ಪಾಕಶಾಲೆಯನ್ನು ಹೊಕ್ಕುದು ಗೋಬಿ ಮಂಚೂರಿಯ ಬೆನ್ನುಹಿಡಿದೇ ಸರಿ. ಅಲ್ಲಿ ಚಮಚೆಗೆ ಮೀರಿದ ಮರ್ಯಾದೆ ದೊರೆಯದಿದ್ದರೂ, ಕೊಳವೆಬಾವಿಯ ಗಡಸುನೀರು ಕೆಟಲಿನೊಳಗೆ ಕಟ್ಟಿದ ಸುಣ್ಣದ ಪೊರೆಯನ್ನು, ಶೇಕಡಾ 4–5ರಷ್ಟೇ ಅಸಿಟಿಕ್ ಆಮ್ಲವುಳ್ಳ ಈ ಸಾಧುದ್ರವವು ಗುಳ್ಳೆಯೆಬ್ಬಿಸಿ ಕರಗಿಸುವ ಪರಿಯನ್ನು ಕಂಡು ಹಿಗ್ಗಿದ ಗೃಹಸ್ಥರು, ಅದೇ ಉತ್ಸಾಹದಿಂದ ಅಮೃತಶಿಲೆಯ ನೆಲವನ್ನೂ ಒರೆಸಿಬಿಟ್ಟರೆ, ಆ ಶಿಲೆಯೂ ಸುಣ್ಣದ ಗೋತ್ರದ್ದೇ ಆದುದರಿಂದ, ಕೊಳೆಯೊಡನೆ ಹೊಳಪೂ ತೆರಳುವುದು. ಅಡುಗೆ ಸೋಡವನ್ನು ಇದರೊಡನೆ ಬೆರೆಸಿ, ಭುಗಿಲೆಂದೇಳುವ ನೊರೆಗೆ ಬೆರಗಾಗುವವರೂ ಉಂಟು; ಆಮ್ಲ ಕ್ಷಾರಗಳು ಹೊಡೆದಾಡಿ ತಣ್ಣಗಾದ ಮೇಲೆ ಉಳಿಯುವುದು, ಪಾಪ, ಬಹುಮಟ್ಟಿಗೆ ಒಂದು ಬಗೆಯ ಉಪ್ಪುನೀರು! ಬ್ಲೀಚಿಂಗ್ ಪುಡಿಯೊಡನೆ ಮಾತ್ರ ಈತನ ವಿವಾಹ ಸರ್ವಥಾ ಕೂಡದು. ಹುಟ್ಟುವ ಕೂಸು ಕ್ಲೋರಿನ್ ಎಂಬ ವಿಷಾನಿಲ.