ಊದಿದ ಪಾದಗಳ ದಿಙ್ನಿರ್ಣಯ

ಕೀಲುರೋಗ ಇರುವವರ ಪಾದಗಳಲ್ಲಿಯೂ ಹರಡುಗಳಲ್ಲಿಯೂ (ಹರಡು ಎಂದರೆ ಪಾದವು ಕಾಲನ್ನು ಕೂಡುವೆಡೆಯ ಗಿಣ್ಣು) ಕಾಣಿಸಿಕೊಳ್ಳುವ ಊತವನ್ನು ಸ್ಥೂಲವಾಗಿ ಎರಡು ಬಗೆಯಾಗಿ ನೋಡಬಹುದು. ಮೊದಲನೆಯದು ಕೀಲಿನ ಒಳಗಣ ಬಾವು: ಸವೆತದ ಸಂಧಿವಾತದಲ್ಲಿ ಎಲುಬಿನ ತುದಿಗಳನ್ನು ಹೊದ್ದಿರುವ ಮೃದ್ವಸ್ಥಿ ತೆಳುವಾಗುತ್ತ ಹೋಗುವುದರಿಂದಲೂ, ರುಮಟಾಯ್ಡ್ ಎಂದು ಕರೆಯುವ ಬಗೆಯಲ್ಲಿ ದೇಹದ ರಕ್ಷಣಾ ವ್ಯವಸ್ಥೆಯೇ ದಾರಿ ತಪ್ಪಿ ಕೀಲಿನ ಒಳಪೊರೆಯ ಮೇಲೆ ತಿರುಗಿಬೀಳುವುದರಿಂದಲೂ, ಗೌಟ್ ರೋಗದಲ್ಲಿ ಯೂರಿಕ್ ಆಮ್ಲದ ಹರಳುಗಳು ಹೆಚ್ಚಾಗಿ ಹೆಬ್ಬೆರಳ ಬುಡದಲ್ಲಿ ಕೂಡಿಕೊಳ್ಳುವುದರಿಂದಲೂ ಅದು ಉಂಟಾಗುತ್ತದೆ. ಎರಡನೆಯದು ಚರ್ಮದ ಕೆಳಗೆ ನೀರು ನಿಲ್ಲುವ ಊತ. ನಡೆಯುವಾಗ ಮೀನಖಂಡದ ಸ್ನಾಯುಗಳು ಅಭಿಧಮನಿಗಳನ್ನು ಹಿಂಡಿ ರಕ್ತವನ್ನು ಮೇಲಕ್ಕೆ ತಳ್ಳುತ್ತವೆ. ಮಂಡಿನೋವೆಂದು ನಡಿಗೆಯನ್ನೇ ಬಿಟ್ಟು ಕುಳಿತವರಲ್ಲಿ ಆ ಕೆಲಸ ಮಂದವಾಗಿ, ರಕ್ತನಾಳಗಳಿಂದ ಜಿನುಗಿದ ದ್ರವವು ಪಾದದಲ್ಲಿಯೇ ಬೀಡುಬಿಡುತ್ತದೆ. ಈ ಎರಡಕ್ಕೂ ಉಪಚಾರ ಉಂಟು. ಮೈಸೂರಿನ ಪಾದವನ್ನು ಕ್ಯಾಲಿಫೋರ್ನಿಯದಿಂದ ಗುಣಪಡಿಸಲು ಹೊರಟಾಗ ಹುಟ್ಟುವ ಉಪದ್ರವಗಳಿಗೆ ಮಾತ್ರ ಯಾವ ವೈದ್ಯಪದ್ಧತಿಯೂ ಹೊಣೆ ಹೊತ್ತಂತೆ ಕಾಣುವುದಿಲ್ಲ.

ನಿವೃತ್ತರ ಸ್ವರ್ಗವೆಂದು ಹೆಸರಾದ ಮೈಸೂರಿನಲ್ಲಿ ಈ ದೂರಚಿಕಿತ್ಸೆಗೆ ಬೇಕಾದ ಸಲಕರಣೆಗಳೆಲ್ಲ ಸಮೃದ್ಧವಾಗಿವೆ: ಸರಸ್ವತಿಪುರಂ, ಕುವೆಂಪುನಗರ, ಜಯಲಕ್ಷ್ಮೀಪುರಂಗಳಲ್ಲಿ ನಾಲ್ಕು ಕೋಣೆಯ ಮನೆಗೆ ಇಬ್ಬರು ವೃದ್ಧರು, ಇಬ್ಬರಿಗೆ ನಾಲ್ಕು ಮಂಡಿಗಳು, ನಾಲ್ಕಕ್ಕೂ ಸೇರಿ ಹೊರದೇಶದಲ್ಲಿ ಒಬ್ಬ ಮಗ. ಕೀಲುಗಳ ಆರೋಗ್ಯವನ್ನು ಅಳೆಯುವ ಮಾನದಂಡವೂ ಊರಿನದೇ. 17ನೆಯ ಶತಮಾನದಲ್ಲಿ, ದೊಡ್ಡ ದೇವರಾಜ ಒಡೆಯರ ಕಾಲದಲ್ಲಿ ಕಟ್ಟಿಸಿದ ಚಾಮುಂಡಿ ಬೆಟ್ಟದ ಸಾವಿರ ಮೆಟ್ಟಿಲುಗಳಲ್ಲಿ ಎಷ್ಟನ್ನು ಹತ್ತಿದರು ಎಂಬುದೇ ಆ ಮಾನದಂಡವಾಗಿದ್ದು, ‘ನಂದಿಯವರೆಗೆ ಹೋಗಿಬಂದೆವು’ ಎಂಬ ಒಂದು ವಾಕ್ಯವು ಫೋನಿನಲ್ಲಿ ಕಡಲು ದಾಟಿತೆಂದರೆ ಮಕ್ಕಳು ಆ ವಾರದ ಮಟ್ಟಿಗೆ ನಿಶ್ಚಿಂತರಾಗುತ್ತಾರೆ. ಮೆಟ್ಟಿಲ ದಾರಿಯಲ್ಲಿರುವ ಆ ನಂದಿಯ ವಿಗ್ರಹದ ಬಳಿಗೆ ಕಾರು ಹೋಗುವ ರಸ್ತೆಯೂ ಉಂಟೆಂಬ ಭೌಗೋಳಿಕ ಸತ್ಯವನ್ನು ಹಿರಿಯರು ತಾವಾಗಿ ಪ್ರಸ್ತಾಪಿಸುವ ವಾಡಿಕೆಯಿಲ್ಲ.

ಈಚೆಗೆ ಸರಸ್ವತಿಪುರಂನ ಒಂದು ಮನೆಗೂ ಕ್ಯಾಲಿಫೋರ್ನಿಯದ ಫ್ರೀಮಾಂಟ್‌ನ ಒಂದು ಮನೆಗೂ ನಡುವೆ ನಡೆದು, ಬಂಧುಬಳಗದಲ್ಲಿ ಇನ್ನೂ ನಗೆ ನಿಲ್ಲದಿರುವ ಕದನವನ್ನು ಈ ಹಿನ್ನೆಲೆಯಲ್ಲಿ ಪರಿಶೀಲಿಸಬೇಕು. ರಾತ್ರಿ ಮಲಗಿದ್ದಾಗ ಕಾಲಿನಲ್ಲಿ ನಿಂತ ನೀರು ಹಿಂದಿರುಗಿ ಹರಿದುಹೋಗುವುದರಿಂದ ಎರಡನೆಯ ಬಗೆಯ ಊತವು ಬೆಳಗ್ಗೆ ಇಳಿದು ಸಂಜೆಗೆ ಏರುತ್ತದೆ. ಈ ಶರೀರಶಾಸ್ತ್ರವನ್ನು ಯಾರಿಂದಲೂ ಹೇಳಿಸಿಕೊಳ್ಳದೆಯೇ ಅರಿತಿದ್ದ ಆ ಮನೆಯ ತಾಯಿ, ಬಹುಕಾಲ ಬೆಳಗ್ಗೆ ಏಳು ಗಂಟೆಗೇ ಮಗನಿಗೆ ಕರೆ ಮಾಡಿ, ಕೇಳುವ ಮೊದಲೇ ಪಾದ ತೋರಿಸಿ, ‘ನೋಡ್ಕೊಳಪ್ಪ, ಏನೂ ಇಲ್ಲ’ ಎಂದು ಮಾತು ಮುಗಿಸುತ್ತಿದ್ದರು. ಸೀರೆಯ ನೆರಿಗೆಯನ್ನು ಅಷ್ಟು ಉತ್ಸಾಹದಿಂದ ಎತ್ತಿ ಪಾದ ತೋರಿಸುವ ತಾಯಿಯ ಮೇಲೆ ಮಗನಿಗೆ ಸಂಶಯ ಬಂದದ್ದು ಸಹಜ. ಅವನು ಅಲಾರಂ ಇಟ್ಟುಕೊಂಡು ಎದ್ದು, ಮೈಸೂರಿನಲ್ಲಿ ಸಂಜೆ ದೀಪ ಹಚ್ಚುವ ಹೊತ್ತಿಗೆ ತಂದೆಯ ಫೋನಿಗೆ ಕರೆ ಮಾಡಿದನು. ಮೂವತ್ತು ವರ್ಷ ಬ್ಯಾಂಕಿನ ಲೆಕ್ಕವನ್ನು ಒಂದು ಪೈಸೆ ತಪ್ಪದೆ ಹಿಡಿದ ಆ ತಂದೆಗೆ ಫೋನನ್ನು ನೆಟ್ಟಗೆ ಹಿಡಿಯುವ ವಿದ್ಯೆ ಮಾತ್ರ ಒಲಿದಿಲ್ಲವಾದ್ದರಿಂದ, ಪರದೆಯ ಮೇಲೆ ಮೊದಲು ಮೂಡಿದ್ದು ಯಾರ ಮುಖವೂ ಅಲ್ಲ. ಚಪ್ಪಲಿಯ ಪಟ್ಟಿಯ ಗುರುತು ಆಳವಾಗಿ ಉಳಿದಿದ್ದ, ಎಣ್ಣೆಗೆ ಬಿಟ್ಟ ಪೂರಿಯಂತೆ ಉಬ್ಬಿದ ಎರಡು ಪಾದಗಳು.

ಹೆಬ್ಬೆರಳಿನಿಂದ ಹರಡಿನ ಮೇಲೆ ಕೆಲವು ಸೆಕೆಂಡು ಒತ್ತಿ ಬಿಟ್ಟಾಗ ಕುಳಿ ಹಾಗೆಯೇ ಉಳಿದರೆ ಅದು ನೀರು ನಿಂತ ಊತವೆಂದು ವೈದ್ಯರು ಗುರುತಿಸುತ್ತಾರೆ. ಮಗನು ಈ ಪರೀಕ್ಷೆಯನ್ನು ತಂದೆಗೆ ಒಪ್ಪಿಸಿದ ಕೂಡಲೇ ಮನೆಯಲ್ಲಿ ಗಲಭೆಯಾಯಿತು, ಏಕೆಂದರೆ ಗಂಡನು ಹೆಂಡತಿಯ ಕಾಲು ಮುಟ್ಟುವುದೆಂದರೇನು? ಕೊನೆಗೆ ಮಹಡಿಯ ಮೇಲೆ ಬಾಡಿಗೆಗಿದ್ದ ಕಾಲೇಜು ಹುಡುಗನನ್ನು ಕರೆಯಲಾಯಿತು. ಅವನು ಬಗ್ಗಿ ಪಾದಕ್ಕೆ ಕೈ ಹಚ್ಚಿದೊಡನೆ ತಾಯಿಯ ಬಾಯಿಂದ ‘ನೂರು ವರ್ಷ ಬಾಳಪ್ಪ’ ಎಂಬ ಆಶೀರ್ವಾದ ತಾನಾಗಿ ಹೊರಟಿತು. ಕುಳಿ ಸರಿಯಾಗಿ ಕಾಣಲಿಲ್ಲವೆಂದು ಫ್ರೀಮಾಂಟ್ ಮತ್ತೆ ಮತ್ತೆ ಒತ್ತಿಸಿದಂತೆಲ್ಲ ಹುಡುಗನ ಆಯುಷ್ಯವು ಶತಮಾನಗಳ ಲೆಕ್ಕದಲ್ಲಿ ಏರುತ್ತ ಹೋಯಿತು. ಕುಳಿ ಉಳಿದಿತ್ತು. ದಿನಕ್ಕೆ ಹಲವು ಬಾರಿ ಹದಿನೈದು ಇಪ್ಪತ್ತು ನಿಮಿಷ ಮಲಗಿ, ಕಾಲುಗಳನ್ನು ದಿಂಬಿನ ಮೇಲೆ ಹೃದಯಕ್ಕಿಂತ ಎತ್ತರದಲ್ಲಿ ಚಾಚಿಕೊಳ್ಳಬೇಕೆಂದು, ಅದೂ ಈಗಲೇ ತನ್ನ ಕಣ್ಣೆದುರಿಗೇ ಆಗಬೇಕೆಂದು ಮಗನು ಆಜ್ಞಾಪಿಸಿದನು.

ಕಾಲು ಚಾಚುವುದು ವೈದ್ಯಕ್ಕೆ ಬರಿಯ ಎತ್ತರದ ಪ್ರಶ್ನೆ. ಕನ್ನಡದ ಮನೆಗಳಲ್ಲಿ ಅದು ಮೊದಲು ದಿಕ್ಕಿನ ಪ್ರಶ್ನೆ. ಎಂಟು ದಿಕ್ಕುಗಳಿಗೆ ಎಂಟು ಒಡೆಯರು, ಅವರನ್ನು ಅಷ್ಟದಿಕ್ಪಾಲಕರೆನ್ನುತ್ತಾರೆ. ಆ ಮನೆಯ ನಡುಮನೆಯಲ್ಲಿದ್ದ ದಿವಾನವನ್ನು ಕೇಂದ್ರವಾಗಿಟ್ಟುಕೊಂಡು ತಾಯಿ ನಡೆಸಿದ ಸಮೀಕ್ಷೆಯ ಪ್ರಕಾರ, ಪೂರ್ವದಲ್ಲಿ ಹೊಸಿಲೂ ಅದರಾಚೆ ತುಳಸಿಯೂ ಇದ್ದವು. ಈಶಾನ್ಯ ದೇವರ ಮನೆ. ಉತ್ತರದಲ್ಲಿ ಒಡವೆಯ ಬೀರು, ಎಂದರೆ ಸಾಕ್ಷಾತ್ ಲಕ್ಷ್ಮಿ. ಪಶ್ಚಿಮದಲ್ಲಿ ಪುಸ್ತಕದ ಕಪಾಟು, ಸರಸ್ವತಿಪುರಂನಲ್ಲಿ ಸರಸ್ವತಿಗೆ ಕಾಲು ತೋರಿಸುವುದಂತೂ ದೂರವೇ ಉಳಿಯಿತು. ನೈಋತ್ಯದ ಗೋಡೆಯ ಮೇಲೆ ದಿವಂಗತ ಮಾವನವರ ಭಾವಚಿತ್ರ. ಆಗ್ನೇಯವು ಬೇರೆ ಊರುಗಳಲ್ಲಾದರೆ ಖಾಲಿ ಇರಬಹುದು. ಮೈಸೂರಿನಲ್ಲಿ ಆ ಕಡೆಗೆ ಚಾಮುಂಡಿ ಬೆಟ್ಟವಿರುವುದರಿಂದ, ನಾಡದೇವತೆಯ ಕಡೆಗೆ ದಿಂಬಿನ ಮೇಲೆ ಎತ್ತಿ ಕಾಲು ಚಾಚುವ ಧೈರ್ಯ ಮಹಿಷಾಸುರನಿಗೂ ಇದ್ದಿರಲಾರದು. ದಕ್ಷಿಣ ಯಮನದು; ಉತ್ತರಕ್ಕೆ ತಲೆಹಾಕಿ ದಕ್ಷಿಣಕ್ಕೆ ಕಾಲು ಚಾಚಿದವರನ್ನು ಮನೆಯವರು ಬದುಕಿರುವವರ ಲೆಕ್ಕದಲ್ಲಿ ಇಡುವುದಿಲ್ಲ.

ಮಗನಿಗೆ ವಿಜ್ಞಾನದ ಆವೇಶ ಬಂದಿತು. 2021ರ ಜನವರಿಯಲ್ಲಿ ಸ್ಯಾನ್ ಫ್ರಾನ್ಸಿಸ್ಕೊದಿಂದ ಬೆಂಗಳೂರಿಗೆ ಹೊರಟ ಮೊದಲ ನೇರ ವಿಮಾನವು, ಪೈಲಟ್‌ಗಳೆಲ್ಲ ಮಹಿಳೆಯರೇ ಆಗಿದ್ದ ಆ ಪ್ರಸಿದ್ಧ ಯಾನವು, ಉತ್ತರ ಧ್ರುವದ ಮಾರ್ಗವಾಗಿ ಬಂದಿತ್ತೆಂದೂ, ಧ್ರುವದ ನೆತ್ತಿಯ ಮೇಲೆ ನಿಂತವರಿಗೆ ಯಾವ ಕಡೆ ತಿರುಗಿದರೂ ದಕ್ಷಿಣವೇ ಆಗಿರುವುದರಿಂದ ಆ ಹಾದಿಯ ಪ್ರಯಾಣಿಕರ ಕಾಲುಗಳೆಲ್ಲ ಯಮನ ಕಡೆಗೇ ಇದ್ದುವೆಂದೂ, ಆದರೂ ಎಲ್ಲರೂ ಕ್ಷೇಮವಾಗಿ ಇಳಿದರೆಂದೂ ಅವನು ವಾದಿಸಿದನು. ‘ಇಳಿದಾಗ ಅವರ ಕಾಲು ಊದಿತ್ತೋ ಇಲ್ಲವೋ ಕೇಳಿದ್ಯಾ?’ ಎಂದು ತಾಯಿ ಕೇಳಿದರು. ಗಂಟೆಗಟ್ಟಲೆ ಕುಳಿತೇ ಇರುವ ವಿಮಾನಯಾನದಲ್ಲಿ ಪಾದ ಊದುವುದು ನಿಜವೇ ಆದ್ದರಿಂದ ಈ ಸುತ್ತಿನಲ್ಲಿ ವಿಜ್ಞಾನವು ತಾಯಿಯ ಪಕ್ಷವನ್ನು ಸೇರಿತು. ಭಾನುವಾರದ ಕನ್ನಡ ತರಗತಿಯಲ್ಲಿ ಎಂಟು ದಿಕ್ಕುಗಳ ಹೆಸರನ್ನು ಬಾಯಿಪಾಠ ಮಾಡಿದ್ದ ಮೊಮ್ಮಗಳು, ಆ ವಿದ್ಯೆಗೆ ಕೊನೆಗೂ ಒಂದು ಪ್ರಯೋಜನ ದೊರೆತ ಸಂಭ್ರಮದಲ್ಲಿ, ತನ್ನ ಕೈಯಲ್ಲಿದ್ದ ಫೋನಿನ ದಿಕ್ಸೂಚಿಯನ್ನು ನೋಡಿ ಅಜ್ಜಿಯ ಕಾಲು ಯಾವ ದಿಕ್ಕಿಗಿದೆಯೆಂದು ಕೂಗಿ ಹೇಳುತ್ತಲೇ ಇದ್ದಳು. ಅದು ಫ್ರೀಮಾಂಟ್‌ನ ಸೋಫಾದ ದಿಕ್ಕೆಂಬುದು ಬಹಳ ಹೊತ್ತಿನವರೆಗೆ ಯಾರಿಗೂ ಹೊಳೆಯಲಿಲ್ಲ.

ಉಳಿದದ್ದು ವಾಯವ್ಯ. ಅಲ್ಲಿ ಬಚ್ಚಲುಮನೆಯಿತ್ತು, ವಿರೋಧಿಸುವವರಾರೂ ಇರಲಿಲ್ಲ, ‘ವಾತಕ್ಕೆ ವಾಯುವೇ ಒಡೆಯ’ ಎಂದು ತಂದೆಯೂ ಶಾಸ್ತ್ರಾಧಾರ ಒದಗಿಸಿದರು. ದಿವಾನವನ್ನು ಓರೆಯಾಗಿ ಎಳೆದು, ಮೂರು ದಿಂಬುಗಳನ್ನು ಪೇರಿಸಿ, ತಾಯಿ ಮಲಗಿ ಕಾಲೆತ್ತಿದರು. ಪಾದ ಪರದೆಯಲ್ಲಿ ಕಾಣಬೇಕಾದ್ದರಿಂದ ತಂದೆ ಫೋನು ಹಿಡಿದು ಅದೇ ವಾಯವ್ಯದಲ್ಲಿ ಹೋಗಿ ನಿಂತರು. ತಾಯಿ ತಟ್ಟನೆ ಕಾಲು ಮಡಿಸಿಕೊಂಡರು. ಗಂಡನ ಎದೆಯ ಕಡೆಗೆ ಪಾದ! ಇದಕ್ಕೆ ತಂದೆಯವರು ಉದಾರವಾಗಿ ವಿನಾಯಿತಿ ಕೊಟ್ಟರು. ಆದರೆ ತಾಯಿಯ ಆಕ್ಷೇಪ ಅವರನ್ನು ಕುರಿತದ್ದಾಗಿರಲಿಲ್ಲ. ಪರದೆಯಲ್ಲಿ ಮಗನ ಹೆಗಲಿನ ಹಿಂದೆ ಫ್ರೀಮಾಂಟ್‌ನ ಅಡುಗೆಮನೆಯ ಕಪಾಟಿನೊಳಗಿನ ದೇವರು ಕಾಣುತ್ತಿದ್ದನು. ಅಷ್ಟು ದೂರದ ದೇವರಿಗೆ ಅಂತರಜಾಲದ ಮೂಲಕ ಕಾಲು ತಾಗುವುದಿಲ್ಲವೆಂದು ಮಗ ಹೇಳಿದನು. ದಸರೆಯಲ್ಲಿ ಚಿನ್ನದ ಅಂಬಾರಿಯೊಳಗಿನ ಚಾಮುಂಡೇಶ್ವರಿಯನ್ನು ಅದೇ ಫೋನಿನಲ್ಲಿ ನೋಡಿ ಅದೇ ಮಗನು ಕೈ ಮುಗಿದದ್ದನ್ನು ಆಕೆ ನೆನಪಿಸಿದರು. ಕೈ ಮುಗಿದದ್ದು ತಲುಪುವುದಾದರೆ ಕಾಲು ಚಾಚಿದ್ದೂ ತಲುಪಬೇಕು. ಈ ತರ್ಕದಲ್ಲಿ ಬಿರುಕು ಹುಡುಕಲು ಹೊರಟ ಬಂಧುಗಳಾರೂ ಇದುವರೆಗೆ ಯಶಸ್ವಿಯಾಗಿಲ್ಲ. ಸೋತ ಮಗನು ಗುಂಡಿಯೊಂದನ್ನು ಒತ್ತಿ, ತನ್ನ ಹಿಂದಿನ ನೋಟವನ್ನು ಅಳಿಸಿ ಅಲ್ಲಿ ಕಡಲತೀರದ ಚಿತ್ರವನ್ನು ತಂದನು. ‘ಸಮುದ್ರರಾಜನಿಗೆ ಒದೆಯಕ್ಕಾಗುತ್ತೇನೋ?’ ಎಂದು ಮರುಪ್ರಶ್ನೆ ಬಂದಿತು.

ಸಂಧಾನವು ಹೀಗಾಯಿತು: ಪಾದಗಳು ವಾಯವ್ಯದಲ್ಲಿಯೇ ಇರತಕ್ಕದ್ದು, ಫೋನು ತಲೆಯ ಕಡೆಗೆ ಬರತಕ್ಕದ್ದು. ಅದರಂತೆ ಮುಂದಿನ ಇಪ್ಪತ್ತು ನಿಮಿಷ ಮಗನು ತಾಯಿಯ ಬೈತಲೆಯನ್ನು ನೋಡುತ್ತ ಪಾದದ ಊತವನ್ನು ಪರಿಶೀಲಿಸಿದನು. ಪಾದವನ್ನು ಮೇಲಕ್ಕೂ ಕೆಳಕ್ಕೂ ಮಡಿಸಿ ಮೀನಖಂಡಕ್ಕೆ ಕೆಲಸ ಕೊಡುವ ವ್ಯಾಯಾಮವನ್ನು, ನಡೆಯುತ್ತಿದೆಯೋ ಇಲ್ಲವೋ ಕಾಣದೆಯೇ, ಎಣಿಸಿ ಹೇಳಿಕೊಟ್ಟನು. ಬೈತಲೆ ಅಷ್ಟು ಅಗಲವಾಗಿ, ಬೆಳ್ಳಗಾಗಿರುವುದನ್ನು ಅವನು ಕಂಡದ್ದು ಅಂದೇ ಮೊದಲು. ಅದನ್ನು ಕುರಿತು ಏನನ್ನೂ ಹೇಳಲಿಲ್ಲ. ಎಣಿಕೆ ಮಾತ್ರ ನಡುವೆ ಒಮ್ಮೆ ತಪ್ಪಿತು.

ಊತಕ್ಕೆ ದಿಂಬಿನ ಕೊರತೆಯೊಂದೇ ಕಾರಣವಾಗಿರಲಿಲ್ಲವೆಂಬುದು, ಅದುವರೆಗೆ ಮೌನವಾಗಿದ್ದ ಸೊಸೆ ಮಾತ್ರೆಯ ಹಾಳೆಗಳನ್ನು ತೋರಿಸಲು ಕೇಳಿದಾಗ ಹೊರಬಿದ್ದಿತು. ರಕ್ತದೊತ್ತಡಕ್ಕೆ ಬಹಳ ಜನ ನುಂಗುವ ಆಮ್ಲೋಡಿಪಿನ್ ಮಾತ್ರೆಗೆ ಹರಡು ಊದಿಸುವ ಗುಣ ಉಂಟು. ಅದರ ಜೊತೆಗೆ ವೈದ್ಯರ ಚೀಟಿಯಿಲ್ಲದೆ ಬೀದಿಯ ತಿರುವಿನ ಮೆಡಿಕಲ್ ಶಾಪಿನಿಂದ ತಂದ ಡೈಕ್ಲೋಫೆನಾಕ್ ಇತ್ತು. ಈ ಜಾತಿಯ ನೋವುಶಾಮಕಗಳು ಕೀಲಿನ ಬಾವನ್ನು ಇಳಿಸಿದರೂ ದೇಹದಲ್ಲಿ ಉಪ್ಪನ್ನೂ ನೀರನ್ನೂ ಹಿಡಿದಿಟ್ಟು ಪಾದವನ್ನು ಊದಿಸಬಲ್ಲವು, ಒತ್ತಡವನ್ನು ಏರಿಸಬಲ್ಲವು, ಮೂತ್ರಪಿಂಡಕ್ಕೆ ಕೇಡು ಮಾಡಬಲ್ಲವು. ಏಕೆ ನುಂಗಿದಿರೆಂದು ಮಗ ಗದರಿದಾಗ ತಾಯಿ ಉತ್ತರಿಸಲಿಲ್ಲ; ತಂದೆ ಬಾಯಿಬಿಟ್ಟರು. ಎದುರುಮನೆಯವರು ಕ್ಯಾಲಿಫೋರ್ನಿಯಕ್ಕೆ ಹೊರಟಿದ್ದರಾಗಿ, ಅವರ ಕೈಯಲ್ಲಿ ಕಳಿಸಲು ಕೋಡುಬಳೆ, ಚಟ್ನಿಪುಡಿ ಮಾಡಬೇಕಿತ್ತು. ಒಲೆಯ ಮುಂದೆ ನಿಲ್ಲಲು ಮಾತ್ರೆ ಬೇಕಿತ್ತು. ಫ್ರೀಮಾಂಟ್‌ನ ಮೇಜಿನ ಮೇಲೆ ಆ ಕೋಡುಬಳೆಯ ಡಬ್ಬ ಆಗಲೇ ಮುಕ್ಕಾಲು ಬರಿದಾಗಿತ್ತು. ಇನ್ನು ಮುಂದೆ ಏನನ್ನೂ ಕಳಿಸಕೂಡದೆಂದು ಮಗ ಹೇಳಿದ ಮಾತಿನಲ್ಲಿ ದೃಢತೆ ಅಷ್ಟಾಗಿ ಕೇಳಿಬರಲಿಲ್ಲ. ಮರುದಿನ ಊರಿನ ವೈದ್ಯರು ಒತ್ತಡದ ಮಾತ್ರೆಯನ್ನು ಬದಲಿಸಿ, ನೋವಿನ ಮಾತ್ರೆಯನ್ನು ನಿಲ್ಲಿಸಿದರು. ಇಂತಹ ಬದಲಾವಣೆ ವೈದ್ಯರ ಕೆಲಸ. ಫೋನಿನಲ್ಲಿ ಹಾಳೆ ನೋಡಿದವರು ತಾವೇ ಮಾತ್ರೆ ನಿಲ್ಲಿಸುವುದು ಊತಕ್ಕಿಂತ ಹೆಚ್ಚಿನ ಅಪಾಯ.

ಉಳಿದ ಉಪಚಾರಗಳ ಬಗ್ಗೆ ಹೆಚ್ಚು ಹೇಳಬೇಕಾದ್ದಿಲ್ಲ. ದಿನಕ್ಕೆ 5 ಗ್ರಾಮಿಗಿಂತ ಕಡಿಮೆ ಉಪ್ಪು ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ತಾಯಿ ಸಾರಿನ ಉಪ್ಪನ್ನು ಕೂಡಲೇ ತಗ್ಗಿಸಿದರು, ಉಪ್ಪಿನಕಾಯಿ, ಹಪ್ಪಳ, ಮಜ್ಜಿಗೆ ಮೆಣಸಿನಕಾಯಿಗಳನ್ನು ಮಾತ್ರ ಉಪ್ಪಿನ ಲೆಕ್ಕಕ್ಕೆ ಸೇರಿಸುವ ಪದ್ಧತಿ ಆ ಮನೆಯಲ್ಲಿ ಹಿಂದಿನಿಂದಲೂ ಇರಲಿಲ್ಲ. ಎಕ್ಕದ ಎಲೆಗೆ ಹರಳೆಣ್ಣೆ ಸವರಿ ಬಿಸಿಮಾಡಿ ಕಟ್ಟುವ ಹಳೆಯ ಮದ್ದು ಬಿಗಿತಕ್ಕೆ ಹಿತವೆನಿಸಬಹುದಾದರೂ ಅದರ ಹಾಲು ಕಣ್ಣಿಗೆ ಕೆಟ್ಟದ್ದು; ಕೆಂಪಗೆ ಕಾದ ಕೀಲಿಗೆ ಸಾಮಾನ್ಯವಾಗಿ ತಣ್ಣೀರಿನ ಬಟ್ಟೆಯೇ ಲೇಸು. ವೈದ್ಯರು ಕಾಲಿನ ರಕ್ತಸಂಚಾರವನ್ನು ನೋಡಿ ಒಪ್ಪಿದರೆ ಮಾತ್ರ ತೊಡಬೇಕಾದ ಬಿಗಿ ಕಾಲುಚೀಲಗಳನ್ನು, ಅಂಗಡಿಯವರು ಕಂಪ್ರೆಷನ್ ಸ್ಟಾಕಿಂಗ್ ಎನ್ನುವಂಥವನ್ನು, ಊತ ಇಳಿದಿರುವ ಬೆಳಗಿನ ಹೊತ್ತಿನಲ್ಲಿಯೇ ಏರಿಸಬೇಕು. ಬೆರಳ ಕೀಲುಗಳೂ ನೋಯುವವರಿಗೆ ಅದು ಕುಸ್ತಿಯೇ ಸರಿ. ಪಾತ್ರೆ ತೊಳೆಯುವ ರಬ್ಬರ್ ಕೈಗವಸು ತೊಟ್ಟರೆ ಹಿಡಿತ ಸಿಗುತ್ತದೆ. ಕಾಲುಂಗುರ ಅಡ್ಡ ಬಂದಾಗ ತಾಯಿ ಅದನ್ನು ತೆಗೆಯಲು ಒಪ್ಪದಿದ್ದುದರಿಂದ, ಬೆರಳ ತುದಿ ತೆರೆದಿರುವ ಕಾಲುಚೀಲವೂ ಸಿಗುತ್ತದೆಂದು ಸೊಸೆ ಸೂಚಿಸಿದ್ದು ಶ್ಲಾಘ್ಯವಾಗಿತ್ತು. ‘ನಿನ್ನ ಕಾಲುಂಗುರ ಎಲ್ಲಮ್ಮ?’ ಎಂದು ಅತ್ತೆ ಕೇಳಿದ ಕ್ಷಣದಲ್ಲಿಯೇ ಫ್ರೀಮಾಂಟ್‌ನ ವೈಫೈ ಕೆಟ್ಟುಹೋಯಿತು.

ಇಷ್ಟೆಲ್ಲ ವಿನೋದಕ್ಕೆ ಎಡೆಕೊಡದ ಊತಗಳೂ ಇವೆ. ಒಂದೇ ಕಾಲು ಏಕಾಏಕಿ ಊದಿ ಮೀನಖಂಡ ನೋಯತೊಡಗಿದರೆ ಒಳಗೆ ರಕ್ತ ಹೆಪ್ಪುಗಟ್ಟಿರಬಹುದು; ಊತದೊಡನೆ ಏದುಸಿರು ಬಂದರೆ ಹೃದಯವನ್ನು ನೋಡಿಸಬೇಕು; ಕೀಲು ಕೆಂಪೇರಿ ಜ್ವರ ಬಂದರೆ ಸೋಂಕಿನ ಸಂಶಯ ಪಡಬೇಕು. ಇವುಗಳಲ್ಲಿ ಯಾವುದು ಕಂಡರೂ ಮೈಸೂರಿನ ಹಿರಿಯರು ಅಲ್ಲೀಗ ಗಂಟೆ ಎಷ್ಟು, ಮಗ ಎದ್ದಿರುತ್ತಾನೋ ಇಲ್ಲವೋ ಎಂದು ಲೆಕ್ಕ ಹಾಕುತ್ತ ಕೂರದೆ ಆಟೋ ಹಿಡಿದು ಹತ್ತಿರದ ಆಸ್ಪತ್ರೆಗೆ ಹೋಗಬೇಕು. ಹೋದಮೇಲೆ, ಅಲ್ಲಿಯ ಮಂಚ ಯಾವ ದಿಕ್ಕಿಗಿದೆಯೆಂದು ದಯವಿಟ್ಟು ಕೇಳಬಾರದು.